ಬಾಗಿದ ಬೆರಳು, ತಡಮಾಡಿದ ಡಾಕ್ಟರು

ಹೋದ ದೀಪಾವಳಿಯ ಸಮಾರಂಭದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಡೆದ ಮಾತು ಇದು. ನನ್ನ ಮುಂದೆ ನಿಂತಿದ್ದವರು ಹುಬ್ಬಳ್ಳಿ ಕಡೆಯ ಹಿರಿಯ ಮಿತ್ರರು. ತಟ್ಟೆಯನ್ನು ಎಡಗೈಗೆ ಬದಲಾಯಿಸಿಕೊಂಡು ಬಲ ಅಂಗೈಯನ್ನು ನನ್ನ ಮುಂದೆ ಚಾಚಿದರು. “ಡಾಕ್ಟ್ರ, ಇದೇನ ನೋಡ್ರಿ. ಆಣಿ ಅಂತ ತಿಳ್ಕೊಂಡಿದ್ದೆ. ಆರು ತಿಂಗಳಾತು, ಹೋಗವಲ್ದು.”

ನೋಡಿದೆ. ಉಂಗುರದ ಬೆರಳಿನ ಬುಡದಲ್ಲಿ, ಅಂಗೈಯ ಅಡ್ಡಗೆರೆ ಹಾಯುವಲ್ಲಿ, ಹುಣಿಸೆಬೀಜದಷ್ಟು ದಪ್ಪ ಒಂದು ಗಂಟು. ಅದರ ಪಕ್ಕದಲ್ಲಿ ಚರ್ಮ ಒಳಕ್ಕೆ ಸೆಳೆದುಕೊಂಡಂತೆ ಒಂದು ಸಣ್ಣ ಗುಳಿ. ಒತ್ತಿದರೆ ನೋವಿಲ್ಲ. ನಾನು ಏನೂ ಹೇಳದೆ ನನ್ನ ಬಲಗೈಯನ್ನು ಅವರ ಕೈಯ ಪಕ್ಕದಲ್ಲಿ ಹಿಡಿದೆ. ಅಂಗೈಯಿಂದ ಕಿರುಬೆರಳಿನ ತುದಿಯ ಹತ್ತಿರದವರೆಗೆ ಅಂಕುಡೊಂಕಾಗಿ ಹೋದ ಹೊಲಿಗೆಯ ಕಲೆ ಅಲ್ಲಿದೆ. ಅವರು ಬೆಚ್ಚಿ ತಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. “ಸಾಲು ಮುಂದಕ್ಕೆ ಹೋಗಲಿ ಸ್ವಾಮಿ, ಬಿಸಿಬೇಳೆ ಭಾತ್ ಆರಿಹೋಗ್ತಿದೆ” ಎಂದು ಹಿಂದಿನಿಂದ ಯಾರೋ ಕೂಗುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಹಾಗೆ ಕೂಗಿದವರು ಈ ಪತ್ರಿಕೆಯ ಸಂಪಾದಕರು. ವಿಷಯ ತಿಳಿದ ಮೇಲೆ, ಅದನ್ನೇ ಬರೆದುಕೊಡಿ ಎಂದು ಸಾಲಗಾರನ ಬೆನ್ನು ಹತ್ತಿದಂತೆ ಹತ್ತಿದರು. ಆದ್ದರಿಂದ ಈ ಲೇಖನ.

ಈ ಕಾಯಿಲೆಗೆ ಡುಪ್ಯುಟ್ರೆನ್ ಕಾಂಟ್ರಾಕ್ಚರ್ ಎಂದು ಹೆಸರು. ಹೆಸರು ಫ್ರೆಂಚ್, ಕಾಯಿಲೆ ಹೆಚ್ಚಾಗಿ ಉತ್ತರ ಯೂರೋಪಿನವರದು. ನಾನು ಮೈಸೂರಿನಲ್ಲಿ ವೈದ್ಯಕೀಯ ಓದುತ್ತಿದ್ದಾಗ ಇದನ್ನು ಪುಸ್ತಕದ ಚಿತ್ರದಲ್ಲಿ ನೋಡಿದ್ದೆನೇ ಹೊರತು ಒಬ್ಬ ರೋಗಿಯ ಕೈಯಲ್ಲೂ ನೋಡಿರಲಿಲ್ಲ. 1975ರಲ್ಲಿ ಇಂಗ್ಲೆಂಡಿಗೆ ಬಂದು, 1981ರಲ್ಲಿ ದಕ್ಷಿಣ ಯಾರ್ಕ್‌ಷೈರಿನ ಒಂದು ಕಲ್ಲಿದ್ದಲು ಗಣಿಯ ಊರಿನಲ್ಲಿ ಜಿ.ಪಿ. ಆಗಿ ಕುಳಿತ ಮೇಲೆ, ವಾರಕ್ಕೊಂದಾದರೂ ಇಂಥ ಕೈ ನನ್ನ ಮೇಜಿನ ಮೇಲೆ ಬರತೊಡಗಿತು. ಕೈಕುಲುಕುವಾಗಲೇ ಗೊತ್ತಾಗಿಬಿಡುತ್ತಿತ್ತು. ಬಾಗಿದ ಬೆರಳಿನ ಗೆಣ್ಣು ನನ್ನ ಅಂಗೈಗೆ ತಿವಿಯುತ್ತಿತ್ತು.

ಅಂಗೈಯಲ್ಲಿ ನಡೆಯುವುದೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕೈಯ ಹಿಂಬದಿಯ ಚರ್ಮವನ್ನು ಚಿವುಟಿ ಎತ್ತಬಹುದು, ಅಂಗೈಯ ಚರ್ಮವನ್ನು ಹಾಗೆ ಎತ್ತಲಾಗುವುದಿಲ್ಲ. ಕಾರಣ, ಅಂಗೈಯ ಚರ್ಮದ ಕೆಳಗೆ ಬೀಸಣಿಗೆಯ ಆಕಾರದ ಒಂದು ಗಟ್ಟಿ ಪೊರೆ ಹಾಸಿಕೊಂಡಿದ್ದು, ಚರ್ಮವನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಿಂದಿಗೆ ಎತ್ತಿದಾಗ, ಹಗ್ಗ ಎಳೆದಾಗ ಅಂಗೈಯ ಚರ್ಮ ಜಾರದೆ ಇರುವುದು ಅದರಿಂದಲೇ. ಈ ಕಾಯಿಲೆಯಲ್ಲಿ ಆ ಪೊರೆಯ ಜೀವಕೋಶಗಳು ತಮ್ಮ ಸ್ವಭಾವ ಬಿಟ್ಟು, ಗಾಯ ಕೂಡಿಸುವ ಕೋಶಗಳಂತೆ ವರ್ತಿಸತೊಡಗುತ್ತವೆ. ಗಾಯವೇ ಇಲ್ಲದ ಕಡೆ ಗಾಯವನ್ನು ಬಿಗಿಯುವ ಕೆಲಸ! ಮೊದಲು ಗಂಟು, ಆಮೇಲೆ ಗುಳಿ, ಆಮೇಲೆ ಅಂಗೈಯಿಂದ ಬೆರಳಿಗೆ ಹೋಗುವ ಒಂದು ಹುರಿ. ಹುರಿ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಾ ಬೆರಳನ್ನು ಅಂಗೈಯ ಕಡೆಗೆ ಎಳೆದುಕೊಳ್ಳುತ್ತದೆ. ಉಂಗುರದ ಬೆರಳಿಗೆ ಹೆಚ್ಚು, ಅದರ ನಂತರ ಕಿರುಬೆರಳಿಗೆ. ಆ ಹುರಿಯನ್ನು ಮುಟ್ಟಿ ನೋಡಿದವರೆಲ್ಲ “ನರ ಬಿಗಿದಿದೆ” ಎನ್ನುತ್ತಾರೆ. ಅದು ನರವೂ ಅಲ್ಲ, ಬೆರಳನ್ನು ಮಡಿಸುವ ಸ್ನಾಯುರಜ್ಜುವೂ ಅಲ್ಲ. ಅದಕ್ಕೇ ಬೆರಳು ಮಡಿಸುವುದಕ್ಕೆ ತೊಂದರೆಯಿಲ್ಲ. ಬಿಚ್ಚುವುದಕ್ಕೆ ಮಾತ್ರ ಆಗುವುದಿಲ್ಲ.

ಯಾರಿಗೆ ಬರುತ್ತದೆ? ಐವತ್ತು ದಾಟಿದ ಗಂಡಸರಿಗೆ ಹೆಚ್ಚು. ಹೆಂಗಸರಿಗೂ ಬರುತ್ತದೆ, ಸಾಮಾನ್ಯವಾಗಿ ಇನ್ನಷ್ಟು ವಯಸ್ಸಾದ ಮೇಲೆ. ಮನೆತನದಲ್ಲಿ ಹರಿದುಬರುವುದು ಬಹಳ. ಯಾರ್ಕ್‌ಷೈರಿನ ಮುದುಕರು ಇದನ್ನು ವೈಕಿಂಗರ ಕಾಯಿಲೆ ಎಂದು ತುಸು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು. ಸ್ವೀಡನ್ನಿನ ಕರೋಲಿನ್‌ಸ್ಕ ಸಂಸ್ಥೆಯ ಹ್ಯೂಗೊ ಝೆಬರ್ಗ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಈ ಕಾಯಿಲೆಗೆ ಎಡೆಮಾಡುವ ಪ್ರಬಲವಾದ ಕೆಲವು ವಂಶವಾಹಿ ಅಂಶಗಳು ವೈಕಿಂಗರಿಗಿಂತ ಎಷ್ಟೋ ಹಿಂದಿನ ನಿಯಾಂಡರ್ತಾಲ್ ಮಾನವರಿಂದ ಬಂದವು. ಮನೆತನದ ಹೆಮ್ಮೆಗೆ ಇದರಿಂದ ಏರಿಕೆಯೋ ಇಳಿಕೆಯೋ ನೀವೇ ಹೇಳಿ. ಮದ್ಯಪಾನ, ಧೂಮಪಾನಗಳಿಗೂ ಇದಕ್ಕೂ ನಂಟಿದೆ. ಆದರೆ ಒಂದು ತೊಟ್ಟೂ ಮುಟ್ಟದವರಿಗೂ ಬರುತ್ತದೆ, ಆದ್ದರಿಂದ ಬಾಗಿದ ಬೆರಳು ಕಂಡ ತಕ್ಷಣ ಯಾರನ್ನೂ ಕುಡುಕರ ಪಟ್ಟಿಗೆ ಸೇರಿಸಬೇಡಿ. ವರ್ಷಗಟ್ಟಲೆ ನಡುಗುವ ಯಂತ್ರಗಳನ್ನು ಹಿಡಿದು ದುಡಿದವರಿಗೂ ಹೆಚ್ಚು. ನನ್ನ ಗಣಿ ಕಾರ್ಮಿಕರ ಕೈಗಳಲ್ಲಿ ಇದನ್ನು ನಾನು ಕಣ್ಣಾರೆ ಕಂಡೆ. ಬ್ರಿಟಿಷ್ ಸರ್ಕಾರ ಅಂಥವರಿಗೆ ಇದನ್ನು ಉದ್ಯೋಗದಿಂದ ಬಂದ ಕಾಯಿಲೆಯೆಂದು ಒಪ್ಪಿ ಪಟ್ಟಿಗೆ ಸೇರಿಸಿದ್ದು 2019ರ ಡಿಸೆಂಬರಿನಲ್ಲಿ. ಆ ವೇಳೆಗೆ ನಮ್ಮ ಊರಿನ ಗಣಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಆ ಕೈಗಳಲ್ಲಿ ಬಹಳಷ್ಟು ಮಣ್ಣಿಗೆ ಸೇರಿದ್ದವು.

ಗಣಿಯವರ ಮಾತು ಬಂತು, ಒಂದನ್ನು ಹೇಳದೆ ಮುಂದೆ ಹೋಗಲಾರೆ. ಮಾರ್ಗರೆಟ್ ಥ್ಯಾಚರ್ ಅವರು ಪ್ರಧಾನಿಯಾಗಿದ್ದಾಗಲೇ, 1986ರಲ್ಲಿ, ಇದೇ ಕಾಯಿಲೆಗೆ ತಮ್ಮ ಬಲಗೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 1984-85ರ ಗಣಿ ಮುಷ್ಕರ ಮುಗಿದು ಒಂದು ವರ್ಷವಷ್ಟೇ ಆಗಿತ್ತು. ಆ ವಾರ ನನ್ನ ಬಳಿ ಬಂದ ಒಬ್ಬ ಕಾರ್ಮಿಕ, ಎರಡು ಬೆರಳು ಅಂಗೈಗೆ ಮಡಿಸಿಕೊಂಡಿದ್ದವನು, “ಡಾಕ್ಟರೇ, ಆ ಹೆಂಗಸಿಗೂ ನನಗೂ ಒಂದೇ ಕಾಯಿಲೆ ಎಂದು ನನ್ನ ಕಾಗದದಲ್ಲಿ ಬರೆಯಕೂಡದು, ಬೇರೆ ಹೆಸರು ಹುಡುಕಿ” ಎಂದು ಪಟ್ಟುಹಿಡಿದ. ರೊನಾಲ್ಡ್ ರೇಗನ್ ಅವರಿಗೂ 1989ರ ಜನವರಿಯಲ್ಲಿ ಎಡಗೈಗೆ ಇದೇ ಆಪರೇಷನ್ ಆಯಿತು. ಅದನ್ನು ಅವನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಇಷ್ಟೆಲ್ಲ ಕೈಗಳನ್ನು ನೋಡಿದ ನಾನು ಅವರಿಗೆಲ್ಲ ಹೇಳುತ್ತಿದ್ದುದು ಒಂದೇ ಮಾತು: “ನೋವಿಲ್ಲವಲ್ಲ? ಹಾಗಾದರೆ ತೊಂದರೆ ಅನ್ನಿಸಿದಾಗ ಬನ್ನಿ.” ಸುಲಭವಾದ ಮಾತು. ಅರ್ಧ ಸರಿ, ಅರ್ಧ ತಪ್ಪು. ತಪ್ಪಿನ ಅರ್ಧ ನನಗೆ ತಿಳಿದದ್ದು ನನ್ನದೇ ಕೈಯಿಂದ.

ನನ್ನ ಅಂಗೈಯಲ್ಲಿ ಗಂಟು ಕಾಣಿಸಿದ್ದು 2009ರಲ್ಲಿ. ತೋಟದ ಗುದ್ದಲಿಯಿಂದ ಆದ ಜಡ್ಡು ಎಂದುಕೊಂಡೆ. ವೈದ್ಯನಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಇದು ಬಿಳಿಯರ ಕಾಯಿಲೆ, ಮದ್ದೂರು ತಾಲ್ಲೂಕಿನವನಿಗೆ ಹೇಗೆ ಬಂದೀತು ಎಂಬ ಜಂಬ ಇತ್ತು. ಆದರೆ ನನಗೆ ಅದಾಗಲೇ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಸಕ್ಕರೆ ಕಾಯಿಲೆಯವರಿಗೆ ಇದು ಹೆಚ್ಚಾಗಿ ಬರುತ್ತದೆ ಎಂಬುದು ನಾನೇ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದ ವಿಷಯ. ನಮ್ಮ ಸಂಘದಲ್ಲಿ ಕಾಫಿಗೆ ಸಕ್ಕರೆ ಬೇಡವೆನ್ನುವ ಮನೆಗಳೆಷ್ಟಿವೆ ಎಂದು ಎಣಿಸಿಕೊಂಡರೆ, ಇದನ್ನು ಇಲ್ಲಿ ಯಾಕೆ ಬರೆಯುತ್ತಿದ್ದೇನೆಂದು ತಿಳಿದೀತು.

2013ರಲ್ಲಿ ನಿವೃತ್ತಿಯಾದೆ. ಆ ವರ್ಷ ಉಂಗುರದ ಬೆರಳು ಬುಡದಲ್ಲಿ ಬಾಗತೊಡಗಿತು. ಎರಡು ವರ್ಷದ ಮೇಲೆ ಕಿರುಬೆರಳು ಅದರ ನಡುಗೀಲಿನಲ್ಲಿ ಮಡಿಸಿಕೊಳ್ಳತೊಡಗಿತು. ನೋವು ಎಂಬುದು ಇಲ್ಲವೇ ಇಲ್ಲ. ಇದೇ ಈ ಕಾಯಿಲೆಯ ಮೋಸ. ಮುಖ ತೊಳೆಯುವಾಗ ಬೆರಳು ಕಣ್ಣಿಗೆ ತಿವಿಯಿತು. ಕಣ್ಣು ಮುಚ್ಚಿಕೊಂಡು ತೊಳೆದೆ. ಚಳಿಗಾಲದ ಕೈಗವಸು ಏರದಾಯಿತು. ಎರಡು ಬೆರಳಿಗೆ ಒಂದೇ ಮನೆಯಿರುವ ಕವಸು ಕೊಂಡೆ. ಷರಾಯಿಯ ಜೇಬಿಗೆ ಕೈ ಹಾಕಿದರೆ ಹೊರಗೆ ಬರುವಾಗ ಬೆರಳು ಸಿಕ್ಕಿಕೊಳ್ಳುತ್ತಿತ್ತು. ಜೇಬಿಗೆ ಕೈ ಹಾಕುವುದನ್ನೇ ಬಿಟ್ಟೆ. ಭಜನೆಯಲ್ಲಿ ಚಪ್ಪಾಳೆಯ ಸದ್ದು ಬೋರಲು ಹಾಕಿದ ಬಟ್ಟಲನ್ನು ತಟ್ಟಿದಂತೆ ಆಯಿತು. ತೀರ್ಥ ಮಾತ್ರ ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ, ಅದೊಂದು ಅನುಕೂಲ! ಹೀಗೆ ಬೆರಳಿಗೆ ತಕ್ಕಂತೆ ನಾನೇ ಬಾಗುತ್ತಾ ಹೋದೆ. ನನ್ನ ಹೆಂಡತಿ, “ರೀ, ಬೇರೆಯವರ ಕೈ ಆಗಿದ್ರೆ ಇಷ್ಟು ಹೊತ್ತಿಗೆ ಕಾಗದ ಬರೆದು ದೊಡ್ಡಾಸ್ಪತ್ರೆಗೆ ಕಳಿಸ್ತಿದ್ರಿ” ಎಂದಳು. ಇನ್ನೂ ತೊಂದರೆ ಆಗಿಲ್ಲ ಎಂದೆ.

2016ರ ಜನವರಿಯಲ್ಲಿ ಊರಿಗೆ ಹೋಗಿದ್ದೆ. ತೊಂಬತ್ತು ದಾಟಿದ ನಮ್ಮ ದೊಡ್ಡಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು ನನ್ನ ಕೈ ಹಿಡಿದು ಮಾತಾಡಿಸುತ್ತಿದ್ದವರು, ಇದ್ದಕ್ಕಿದ್ದಂತೆ ಸುಮ್ಮನಾಗಿ ಬೆರಳನ್ನು ಸವರಿದರು. ಸುತ್ತಮುತ್ತ ಯಾರಿಲ್ಲವೆಂದು ನೋಡಿಕೊಂಡು, “ಏನೋ ಮಗ ಇದು? ಆ ದೊಡ್ಡ ರೋಗ ಅಲ್ಲ ತಾನೆ?” ಎಂದರು. ಕೈ ಮಾತ್ರ ಬಿಡಲಿಲ್ಲ. ಅಲ್ಲ ದೊಡ್ಡಮ್ಮ ಎಂದೆ. ನಂಬಿದರೋ ಇಲ್ಲವೋ.

ಅವರ ಪ್ರಶ್ನೆ ಅಜ್ಞಾನದ್ದಲ್ಲ. ನಮ್ಮ ನಾಡಿನಲ್ಲಿ ಬಾಗಿದ ಬೆರಳು ಎಂದರೆ ಹಿಂದಿನವರಿಗೆ ಮೊದಲು ನೆನಪಾಗುತ್ತಿದ್ದುದು ಕುಷ್ಠವೇ. ಅಲ್ಲಿ ಬೆರಳು ಬಾಗುವುದು ನರ ಸತ್ತು ಸ್ನಾಯುಗಳು ಸೋತು. ಚರ್ಮಕ್ಕೆ ಸ್ಪರ್ಶ ಇರುವುದಿಲ್ಲ, ಅಂಗೈಯಲ್ಲಿ ಗಂಟು ಹುರಿ ಇರುವುದಿಲ್ಲ. ಆ ಕೈಗಳನ್ನೂ ಶಸ್ತ್ರಚಿಕಿತ್ಸೆಯಿಂದ ನೆಟ್ಟಗೆ ಮಾಡಬಹುದೆಂದು 1940ರ ದಶಕದ ಕೊನೆಯಿಂದ ವೆಲ್ಲೂರಿನಲ್ಲಿ ಮಾಡಿ ತೋರಿಸಿದವರು ಡಾಕ್ಟರ್ ಪಾಲ್ ಬ್ರ್ಯಾಂಡ್. ಕೆಲಸ ಮಾಡುವ ಸ್ನಾಯುರಜ್ಜುವನ್ನು ಸೋತ ಬೆರಳಿಗೆ ತಂದು ಜೋಡಿಸುವ ವಿಧಾನ ಅದು. ಡುಪ್ಯುಟ್ರೆನ್ ಆಪರೇಷನ್ನಿಗೂ ಅದಕ್ಕೂ ಸಂಬಂಧವಿಲ್ಲ. ಕುಷ್ಠಕ್ಕೂ ಇಂದು ಪೂರ್ತಿ ಗುಣಮಾಡುವ ಮಾತ್ರೆಗಳಿವೆ ಎಂಬುದನ್ನೂ ಇಲ್ಲೇ ಹೇಳಬೇಕು.

ಇನ್ನೆರಡನ್ನು ಬೇರ್ಪಡಿಸಿಕೊಳ್ಳಿ. ಬೆಳಿಗ್ಗೆ ಎದ್ದಾಗ ಬೆರಳು ಮಡಿಸಿದಲ್ಲೇ ಸಿಕ್ಕಿಕೊಂಡು, ಬಲವಂತ ಮಾಡಿದರೆ ‘ಟಕ್’ ಎಂದು ಬಿಚ್ಚಿಕೊಂಡರೆ ಅದು ಟ್ರಿಗರ್ ಫಿಂಗರ್. ಬೇರೆ ಕಾಯಿಲೆ, ಬೇರೆ ಚಿಕಿತ್ಸೆ, ಇನ್ನೂ ಸುಲಭದ್ದು. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ಕೈಯ ಚರ್ಮ, ಕೀಲುಗಳೆಲ್ಲ ಒಟ್ಟಿಗೆ ಬಿರುಸಾಗುವುದು ಮತ್ತೊಂದು. ಅದರ ಪರೀಕ್ಷೆ ನಮಗೆ ಹೇಳಿಕೊಡಬೇಕಾಗಿಲ್ಲ. ನಮಸ್ಕಾರ ಮಾಡಿ ನೋಡಿ. ಎರಡೂ ಅಂಗೈ, ಎಲ್ಲ ಬೆರಳು ನಡುವೆ ಸಂದಿಲ್ಲದೆ ಕೂಡಬೇಕು. ಕೂಡದಿದ್ದರೆ ನಿಮ್ಮ ಡಾಕ್ಟರಿಗೆ ಹೇಳಿ. ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ಪ್ರಾರ್ಥನೆಯ ಚಿಹ್ನೆ ಎಂದು ಕರೆಯುತ್ತಾರೆ.

ಡುಪ್ಯುಟ್ರೆನ್‌ಗೆ ಇರುವ ಪರೀಕ್ಷೆ ಇನ್ನೂ ಸುಲಭ. ಆಸ್ಟ್ರೇಲಿಯದ ಹ್ಯೂಸ್ಟನ್ ಎಂಬ ಶಸ್ತ್ರವೈದ್ಯರ ಹೆಸರಿನಲ್ಲಿದೆ. ಅಂಗೈಯನ್ನು ಕೆಳಮುಖವಾಗಿ ಊಟದ ಮೇಜಿನ ಮೇಲಿಡಿ. ಅಂಗೈ, ಬೆರಳು ಎಲ್ಲ ಸಪಾಟಾಗಿ ಕೂತರೆ ಈಗ ಶಸ್ತ್ರಚಿಕಿತ್ಸೆಯ ಮಾತಿಲ್ಲ; ಗಂಟಿದ್ದರೂ ಇರಲಿ, ಎಷ್ಟೋ ಜನರಲ್ಲಿ ಅದು ಅಲ್ಲೇ ನಿಂತುಬಿಡುತ್ತದೆ. ಕೂರದೆ ಕೆಳಗೆ ಸಂದು ಕಂಡರೆ ತೋರಿಸುವ ಕಾಲ ಬಂತು.

ಯಾವ ಕೀಲು ಬಾಗಿದೆ ಎಂಬುದು ಇಲ್ಲಿ ಬಹಳ ಮುಖ್ಯ. ನಾನು ರೋಗಿಗಳಿಗೆ ಹೇಳುತ್ತಿದ್ದ ಮಾತಿನ ತಪ್ಪಿನ ಅರ್ಧ ಇದೇ. ಬೆರಳು ಅಂಗೈಗೆ ಸೇರುವ ಬುಡದ ಕೀಲು ತಾಳ್ಮೆಯದು. ವರ್ಷಗಟ್ಟಲೆ ಬಾಗಿದ್ದರೂ ಹುರಿಯನ್ನು ಕತ್ತರಿಸಿದರೆ ಸಾಮಾನ್ಯವಾಗಿ ನೆಟ್ಟಗಾಗುತ್ತದೆ. ಅಲ್ಲಿ 30 ಡಿಗ್ರಿ ಬಾಗುವವರೆಗೆ ಕಾಯಬಹುದು. ಬೆರಳಿನ ನಡುಗೀಲು ಹಾಗಲ್ಲ. ಅದು ಬಾಗಿಯೇ ಇದ್ದರೆ ಕೀಲಿನ ಸುತ್ತಲಿನ ಕಟ್ಟುಗಳೇ ಗಿಡ್ಡವಾಗಿ ಗಟ್ಟಿಯಾಗಿಬಿಡುತ್ತವೆ. ಆಮೇಲೆ ಹುರಿಯನ್ನು ಪೂರ್ತಿ ತೆಗೆದರೂ ಕೀಲು ಬಿಚ್ಚಲು ಒಪ್ಪುವುದಿಲ್ಲ. ನಡುಗೀಲು ಸ್ವಲ್ಪ ಬಾಗಿದರೂ ಕೈಯ ತಜ್ಞರಿಗೆ ತೋರಿಸಬೇಕು. ನೋವು ಬರಲಿ ಎಂದು ಕಾಯುವವರು ಕಾಯುತ್ತಲೇ ಇರುತ್ತಾರೆ. ನಾನು ಮೂರು ವರ್ಷ ಕಾದೆ.

2018ರಲ್ಲಿ ಕೊನೆಗೂ ಹೋದೆ. ತಜ್ಞೆ ನನ್ನ ಮಗಳ ವಯಸ್ಸಿನವರು. ಬೆರಳಿನ ಮೇಲೆ ಸಣ್ಣ ಕೋನಮಾಪಕ ಇಟ್ಟು ಅಳೆದರು. ಕಿರುಬೆರಳಿನ ನಡುಗೀಲು 70 ಡಿಗ್ರಿ. “ತಾವು ವೈದ್ಯರೆಂದು ಕಾಗದದಲ್ಲಿದೆ” ಎಂದಷ್ಟೇ ಹೇಳಿ ನನ್ನ ಮುಖ ನೋಡಿದರು. ಅದಕ್ಕಿಂತ ಹೆಚ್ಚು ಯಾರೂ ನನ್ನನ್ನು ಬಯ್ದಿಲ್ಲ.

ದಾರಿಗಳು ಮೂರಿದ್ದವು. ಒಂದು, ಸೂಜಿ. ಅಂಗೈಗೆ ಮರವಿನ ಮದ್ದು ಕೊಟ್ಟು, ಚರ್ಮದ ಮೇಲಿಂದಲೇ ಸೂಜಿಯ ಮೊನೆಯಿಂದ ಹುರಿಯನ್ನು ಅಲ್ಲಲ್ಲಿ ಕೊಯ್ದು, ಬೆರಳನ್ನು ಎಳೆದು ಬಿಚ್ಚುವುದು. ಕೆಲವೇ ನಿಮಿಷದ ಕೆಲಸ, ವಾರದಲ್ಲಿ ಕೈ ಸರಾಗ. ಆದರೆ ಹುರಿ ಒಳಗೇ ಉಳಿಯುವುದರಿಂದ ಮತ್ತೆ ಕೂಡಿಕೊಳ್ಳುತ್ತದೆ. ನೆದರ್ಲೆಂಡ್ಸಿನಲ್ಲಿ ಎರಡನ್ನೂ ಹೋಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ವರ್ಷದೊಳಗೆ ಮರುಕಳಿಸಿದ್ದು ಸೂಜಿಯವರಲ್ಲಿ 100ಕ್ಕೆ ಸುಮಾರು 85, ಶಸ್ತ್ರಚಿಕಿತ್ಸೆಯವರಲ್ಲಿ ಸುಮಾರು 21. ಹಾಗೆಂದು ಸೂಜಿಯನ್ನು ಕಡೆಗಣಿಸಬೇಡಿ. ಬುಡದ ಕೀಲು ಮಾತ್ರ ಬಾಗಿದ್ದು, ದೊಡ್ಡ ಆಪರೇಷನ್ ತಡೆಯದ ವಯಸ್ಸಾದರೆ ನಾನೂ ಅದನ್ನೇ ಆರಿಸುತ್ತಿದ್ದೆ. ಮತ್ತೆ ಬಂದರೆ ಮತ್ತೆ ಮಾಡಿಸಿಕೊಳ್ಳಬಹುದು. ಎರಡನೆಯದು, ಹುರಿಯನ್ನು ಕರಗಿಸುವ ಕೊಲಾಜಿನೇಸ್ ಎಂಬ ಕಿಣ್ವದ ಚುಚ್ಚುಮದ್ದು. ಅಮೆರಿಕದಲ್ಲಿ 2010ರಲ್ಲಿ, ಯೂರೋಪಿನಲ್ಲಿ 2011ರಲ್ಲಿ ಅನುಮತಿ ಪಡೆದದ್ದು. ಆಗ ಇಲ್ಲಿ ಸಿಗುತ್ತಿತ್ತು. 2020ರಲ್ಲಿ ತಯಾರಕರು ಯೂರೋಪಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಅಮೆರಿಕದಲ್ಲಿರುವ ನಮ್ಮ ಬಂಧುಗಳಿಗೆ ಆ ದಾರಿ ಉಳಿದಿದೆ. ಮೂರನೆಯದು ಚಾಕು. ನನ್ನ ಕಿರುಬೆರಳು ಅಲ್ಲಿಗೆ ಬಂದು ನಿಂತಿತ್ತು.

ಚಾಕುವಿನ ದಾರಿ ಹಳೆಯದು. ಬಾಸೆಲ್‌ನ ಫೆಲಿಕ್ಸ್ ಪ್ಲಾಟರ್ 1614ರಲ್ಲೇ ಈ ಬೆರಳನ್ನು ವರ್ಣಿಸಿ, ತಪ್ಪನ್ನು ಸ್ನಾಯುರಜ್ಜುವಿನ ಮೇಲೆ ಹೊರಿಸಿದ್ದ. ಲಂಡನ್ನಿನ ಹೆನ್ರಿ ಕ್ಲೈನ್ 1777ರಲ್ಲಿ ಶವದ ಕೈಗಳನ್ನು ಬಿಡಿಸಿ ನೋಡಿ, ಅಪರಾಧಿ ಅಂಗೈಯ ಪೊರೆ ಎಂದು ಕಂಡುಹಿಡಿದ. ಅವನ ಶಿಷ್ಯ ಆಸ್ಟ್ಲಿ ಕೂಪರ್ 1822ರಲ್ಲಿ ಇಕ್ಕಟ್ಟಾದ ಅಲಗಿನಿಂದ ಹುರಿಯನ್ನು ಕೊಯ್ಯಬಹುದೆಂದು ಬರೆದ. ಇಷ್ಟಾದರೂ ಹೆಸರು ಹೋದದ್ದು ಪ್ಯಾರಿಸ್ಸಿನ ಗಿಯೋಮ್ ಡುಪ್ಯುಟ್ರೆನ್‌ಗೆ. ಕ್ಲೈನ್ ಕಂಡುಹಿಡಿದ ವರ್ಷವೇ ಹುಟ್ಟಿದವನು ಆತ. 1831ರಲ್ಲಿ ಒಬ್ಬ ದ್ರಾಕ್ಷಾರಸದ ವ್ಯಾಪಾರಿಯ ಬೆರಳುಗಳನ್ನು ಬಿಚ್ಚಿ, ಅದೇ ವರ್ಷ ಓಟೆಲ್ ದ್ಯೂ ಆಸ್ಪತ್ರೆಯಲ್ಲಿ ಅದರ ಬಗ್ಗೆ ಉಪನ್ಯಾಸ ಕೊಟ್ಟ. ಗಾಡಿ ಹೊಡೆಯುವವರಿಗೆ ಚಾವಟಿಯ ಹಿಡಿ ಒತ್ತಿ ಒತ್ತಿ ಇದು ಬರುತ್ತದೆಂದು ಅವನ ಎಣಿಕೆ. ಈಥರ್ ಮಂಪರು ಬರಲು ಇನ್ನೂ ಹದಿನೈದು ವರ್ಷವಿತ್ತು. ಎಚ್ಚರವಿದ್ದ ಮನುಷ್ಯನ ಅಂಗೈಯನ್ನು ಅಡ್ಡಡ್ಡ ಕೊಯ್ದು, ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟು, ಬೆರಳನ್ನು ಒಂದು ಚೌಕಟ್ಟಿಗೆ ಬಿಗಿದ. ಗಾಯವನ್ನು ತೆರೆದು ಬಿಡುವ ಆ ಉಪಾಯವನ್ನು 1964ರಲ್ಲಿ ಮೆಕ್ಯಾಷ್ ಎಂಬ ಶಸ್ತ್ರವೈದ್ಯರು ಹೊಸದಾಗಿ ಬಳಕೆಗೆ ತಂದರು. ಈಗಲೂ ಕೆಲವರ ಅಂಗೈಯನ್ನು ಹಾಗೇ ಬಿಡುತ್ತಾರೆ. ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ.

ನನಗೆ ಕಂಕುಳಲ್ಲಿ ಮರವಿನ ಮದ್ದು ಚುಚ್ಚಿದರು. ಕಾಲು ಗಂಟೆಯಲ್ಲಿ ಕೈ ಯಾರದೋ ಆಯಿತು. ಎದೆಯ ಮೇಲೆ ಬಿದ್ದ ಅದನ್ನು ಎತ್ತಿ ಪಕ್ಕಕ್ಕಿಟ್ಟಾಗ ಇಷ್ಟು ಭಾರದ್ದನ್ನು ಜೀವಮಾನವೆಲ್ಲ ಹೊತ್ತಿದ್ದೆನೇ ಅನ್ನಿಸಿತು. ತೋಳಿಗೆ ಗಾಳಿಪಟ್ಟಿ ಬಿಗಿದು ರಕ್ತದ ಓಟ ನಿಲ್ಲಿಸಿದರು, ಒಳಗಿನದು ಸ್ಪಷ್ಟವಾಗಿ ಕಾಣಬೇಕಲ್ಲ. ಪಟ್ಟಿಯೇ ಇಲ್ಲದೆ, ಅಂಗೈಗಷ್ಟೇ ಮದ್ದು ಕೊಟ್ಟು ಮಾಡುವ ಪದ್ಧತಿಯೂ ಈಗ ಹರಡಿದೆ. ಕೊಯ್ತ ಅಂಕುಡೊಂಕಾಗಿ ಏಕೆ ಎಂದರೆ, ಬೆರಳಿನ ಉದ್ದಕ್ಕೆ ನೇರವಾಗಿ ಕೊಯ್ದರೆ ಆ ಕಲೆಯೇ ಮುಂದೆ ಬಿಗಿದು ಬೆರಳನ್ನು ಮತ್ತೆ ಎಳೆಯುತ್ತದೆ. ಎಲ್ಲಕ್ಕಿಂತ ಅಪಾಯದ ಕೆಲಸ ನರ ಉಳಿಸುವುದು. ಬೆರಳಿನ ಎರಡೂ ಬದಿಯಲ್ಲಿ ದಾರದಷ್ಟು ತೆಳ್ಳಗಿನ ಸ್ಪರ್ಶದ ನರಗಳಿರುತ್ತವೆ. ರೋಗದ ಹುರಿ ಅವುಗಳಿಗೆ ಬಳ್ಳಿಯಂತೆ ಸುತ್ತಿಕೊಂಡು, ಇರಬೇಕಾದ ಜಾಗದಿಂದ ನಡುವಿಗೆ, ಚರ್ಮದ ಹತ್ತಿರಕ್ಕೆ ಎಳೆದಿರುತ್ತದೆ. ಕನ್ನಡಕಕ್ಕೆ ಭೂತಗನ್ನಡಿ ಕಟ್ಟಿಕೊಂಡು ಆಕೆ ಒಂದು ಗಂಟೆ ನಲವತ್ತು ನಿಮಿಷ ಅದನ್ನು ಬಿಡಿಸಿದರು. ಪರದೆಯ ಆಚೆಯಿಂದ ರೇಡಿಯೋದ ಹಾಡು, ಕತ್ತರಿಯ ಸಣ್ಣ ಸದ್ದು. ಕೊನೆಗೆ, “ಉಂಗುರದ ಬೆರಳು ಪೂರ್ತಿ ಬಂತು. ಕಿರುಬೆರಳು 25ರ ಹತ್ತಿರ ನಿಂತಿದೆ. ಬಲವಂತ ಮಾಡಿದರೆ ರಕ್ತನಾಳ ತಡೆಯುವುದಿಲ್ಲ, ಇಲ್ಲಿಗೆ ಬಿಡುತ್ತೇನೆ” ಎಂದರು. ಬಹಳ ದಿನ ಮಡಿಸಿದ್ದ ಬೆರಳನ್ನು ಒಮ್ಮೆಲೇ ಬಿಚ್ಚಿದರೆ ಅದರ ರಕ್ತನಾಳಗಳಿಗೆ ಉದ್ದ ಸಾಲದೆ ಬೆರಳು ಬೆಳ್ಳಗಾಗಿಬಿಡಬಹುದು. ಎಲ್ಲಿ ನಿಲ್ಲಿಸಬೇಕೆಂದು ತಿಳಿದವರ ಕೈಗೆ ಸಿಕ್ಕಿದ್ದು ನನ್ನ ಪುಣ್ಯ.

ಮನೆಗೆ ಅದೇ ಸಂಜೆ ಕಳಿಸಿದರು. ಕೈಯನ್ನು ಎದೆಗಿಂತ ಮೇಲೆ ಹಿಡಿದಿರಬೇಕು, ಇಲ್ಲದಿದ್ದರೆ ಊತ. ಮೂರು ದಿನ ಸೋಫಾದ ಮೇಲೆ ಅಭಯಹಸ್ತ ತೋರಿಸುತ್ತ ಕುಳಿತಿದ್ದೆ. ನೋಡಲು ಬಂದವರಲ್ಲಿ ಇಬ್ಬರು ಕಾಲಿಗೆ ಬೀಳುವ ನಾಟಕವನ್ನೂ ಆಡಿದರು. ಆದರೆ ಈ ಭಾಗವನ್ನು ತಮಾಷೆ ಎಂದುಕೊಳ್ಳಬೇಡಿ. ಚಾಕುವಿನ ಕೆಲಸ ಎರಡು ಗಂಟೆಯೊಳಗಿನದು, ಉಳಿದದ್ದು ಮೂರು ತಿಂಗಳ ಕೆಲಸ. ಐದನೆಯ ದಿನಕ್ಕೆ ಕೈಚಿಕಿತ್ಸೆಯ ಹುಡುಗಿಯ ಬಳಿ ಹೋದೆ. ಬೆರಳು ಬಿಚ್ಚುವುದನ್ನಷ್ಟೇ ಅಲ್ಲ, ಮಡಿಸುವುದನ್ನೂ ಕಲಿಯಬೇಕು. ಬಿಚ್ಚಿದ ಬೆರಳು ಮಡಿಸಲಾಗದೆ ಬಿಗಿದು ನಿಂತರೆ ಹಿಂದಿನದಕ್ಕಿಂತ ಕಷ್ಟ. ಗಂಟೆಗೊಮ್ಮೆ ಹತ್ತು ಸಲ. ಎರಡು ವಾರಕ್ಕೆ ಹೊಲಿಗೆ ಬಿಚ್ಚಿದರು. ರಾತ್ರಿ ಕಟ್ಟಿಕೊಳ್ಳುವ ಪಟ್ಟಿಯನ್ನು ಹಿಂದೆ ಎಲ್ಲರಿಗೂ ಕೊಡುತ್ತಿದ್ದರು. ಎಲ್ಲರಿಗೂ ಕೊಡುವುದರಿಂದ ಲಾಭವಿಲ್ಲವೆಂದು ಇಂಗ್ಲೆಂಡಿನಲ್ಲೇ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಿರುಬೆರಳು ಮತ್ತೆ ಬಾಗುವ ಲಕ್ಷಣ ಕಂಡದ್ದರಿಂದ ನನಗೆ ಕೊಟ್ಟರು. ಕಾರು ಹಿಡಿಯಲು ನಾಲ್ಕು ವಾರ ಬಿಟ್ಟೆ.

ಗಾಯ ಪೂರ್ತಿ ಒಣಗಿದ ಮೇಲೆ ಆ ಹುಡುಗಿ ಹಿಚುಕಲು ಜೇಡಿಮಣ್ಣಿನಂಥ ಒಂದು ಉಂಡೆ ಕೊಟ್ಟಳು. ನನ್ನ ಹೆಂಡತಿ ಅದನ್ನು ಮೂಸಿ ನೋಡಿ, “ಇದಕ್ಕೆ ಚಪಾತಿ ಹಿಟ್ಟು ಸಾಲದೇನ್ರೀ?” ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಹಿಟ್ಟು ನಾದುವುದು ನಾನೇ. ಮುಂದಿನ ಭೇಟಿಯಲ್ಲಿ ಹೇಳಿದೆ. ಆ ಹುಡುಗಿ ನಗಲಿಲ್ಲ. ಊಟ ಯಾವುದರಿಂದ ಮಾಡುತ್ತೀರಿ ಎಂದು ಕೇಳಿದಳು. ಕೈಯಿಂದ ಎಂದೆ. “ಹಾಗಾದರೆ ಆರು ವಾರದಿಂದ ಚಮಚ ಯಾಕೆ ಹಿಡಿದಿದ್ದೀರಿ?” ಎಂದಳು. ಆ ರಾತ್ರಿ ಅನ್ನ ಸಾರು ಕಲಸಿ ಉಂಡೆ. ಕಿರುಬೆರಳಿನ ಹೊರಬದಿಗೆ ಸ್ಪರ್ಶ ಮಂದವಾಗಿತ್ತು, ಸಾರಿನ ಬಿಸಿ ಅಲ್ಲಿಗೆ ತಿಳಿಯಲಿಲ್ಲ. ಉಳಿದ ನಾಲ್ಕು ಬೆರಳಿಗೆ ತಿಳಿಯಿತು. ಆ ಮರವು ಹೋಗಲು ಎಂಟು ತಿಂಗಳು ಹಿಡಿಯಿತು.

ಇನ್ನು ಸತ್ಯವನ್ನು ಪೂರ್ತಿ ಹೇಳಬೇಕು. ಆಪರೇಷನ್ ಬಾಗಿದ ಬೆರಳನ್ನು ಬಿಚ್ಚುತ್ತದೆ, ಕಾಯಿಲೆಯನ್ನು ತೆಗೆಯುವುದಿಲ್ಲ. ಅದು ಮತ್ತೆ ಬರಬಹುದು, ಪಕ್ಕದ ಬೆರಳಿಗೂ ಬರಬಹುದು. ಎರಡನೆಯ ಸಲ ಕೊಯ್ಯುವುದು ಹಳೆಯ ಕಲೆಯ ನಡುವೆ, ಆದ್ದರಿಂದ ನರಕ್ಕೆ ಅಪಾಯ ಹೆಚ್ಚು. ಕೆಲವರಿಗೆ ಚರ್ಮವನ್ನೂ ತೆಗೆದು ಬೇರೆ ಕಡೆಯ ಚರ್ಮ ತಂದು ಕಸಿ ಮಾಡುತ್ತಾರೆ. ಅಪರೂಪಕ್ಕೆ, ತೀರ ಹಟಮಾರಿ ಕಿರುಬೆರಳನ್ನು ತೆಗೆದುಹಾಕುವುದೇ ಲೇಸೆಂದು ರೋಗಿಯೇ ಕೇಳುವುದುಂಟು. ಹೊಸ ದಾರಿಗಳನ್ನೂ ಹುಡುಕುತ್ತಿದ್ದಾರೆ. ಕೀಲುವಾತಕ್ಕೆ ಕೊಡುವ ಅಡಾಲಿಮುಮಾಬ್ ಎಂಬ ಔಷಧವನ್ನು ಎಳೆಯ ಗಂಟಿಗೇ ಚುಚ್ಚಿದಾಗ ಗಂಟು ಮೆದುವಾಗಿ ಕುಗ್ಗಿತೆಂದು ಆಕ್ಸ್‌ಫರ್ಡಿನವರು 2022ರಲ್ಲಿ ಪ್ರಕಟಿಸಿದರು. ಗಂಟು ಕುಗ್ಗಿದರೆ ಬೆರಳು ಬಾಗುವುದು ತಪ್ಪುತ್ತದೆ ಎಂದು ಅದರಿಂದಲೇ ಹೇಳುವಂತಿಲ್ಲ. ಎಣ್ಣೆ ತಿಕ್ಕಿ, ಎಳೆದು ಕಟ್ಟಿ ಹುರಿಯನ್ನು ಕರಗಿಸುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ.

ನನ್ನ ಉಂಗುರದ ಬೆರಳು ಇಂದಿಗೂ ನೆಟ್ಟಗಿದೆ. ಕಿರುಬೆರಳು 25ರಿಂದ 35ಕ್ಕೆ ಬಂದು ನಿಂತಿದೆ. ಮುಖ ತೊಳೆಯುವಾಗ ಕಣ್ಣಿಗೆ ತಾಗುವುದಿಲ್ಲ, ಕೈಗವಸು ಏರುತ್ತದೆ, ಚಪ್ಪಾಳೆಗೆ ಸದ್ದಿದೆ. ನಡುಗೀಲು 20 ಡಿಗ್ರಿ ಬಾಗಿದ್ದಾಗಲೇ ಹೋಗಿದ್ದರೆ ಅದೂ ನೆಟ್ಟಗಾಗುವ ಸಾಧ್ಯತೆ ಹೆಚ್ಚಿತ್ತು. ಬೇರೆ ಯಾರನ್ನೂ ದೂರುವಂತಿಲ್ಲ.

ಅಂದು ಊಟವಾದ ಮೇಲೆ ಹುಬ್ಬಳ್ಳಿಯ ಮಿತ್ರರನ್ನು ಹಾಲಿನ ಮೂಲೆಯ ಮೇಜಿನ ಬಳಿ ಕೂರಿಸಿ ಅಂಗೈ ಇಡಿಸಿದೆ. ಸಪಾಟಾಗಿ ಕೂತಿತು. “ಹಂಗಾರ ಏನೂ ಮಾಡೂದು ಬ್ಯಾಡೇನ್ರಿ?” ಎಂದರು. ಬೇಡ, ಆರು ತಿಂಗಳಿಗೊಮ್ಮೆ ಹೀಗೇ ಇಟ್ಟು ನೋಡಿ, ಬೆರಳು ಮೇಲೆದ್ದ ದಿನ ನನಗೆ ಫೋನ್ ಮಾಡಬೇಡಿ, ನೇರವಾಗಿ ನಿಮ್ಮ ಡಾಕ್ಟರಿಗೆ ಮಾಡಿ ಎಂದೆ. ಅವರಿಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ. ನನ್ನ ಎಡ ಅಂಗೈಯಲ್ಲೂ ಈಗ ಒಂದು ಹುಣಿಸೆಬೀಜ ಬಂದಿದೆ. ಪ್ರತಿ ತಿಂಗಳು ಒಂದನೇ ತಾರೀಖು, ಕಾಫಿಯಾದ ಮೇಲೆ, ಅಡಿಗೆಮನೆಯ ಮೇಜಿನ ಮೇಲೆ ಆ ಕೈಯನ್ನು ಇಡುತ್ತೇನೆ. ನನ್ನ ಹೆಂಡತಿ ಒಂದು ಪೋಸ್ಟ್‌ಕಾರ್ಡನ್ನು ಬೆರಳಿನ ಕೆಳಗೆ ತೂರಿಸಲು ನೋಡುತ್ತಾಳೆ. ಈ ತಿಂಗಳೂ ತೂರಲಿಲ್ಲ.